ಹೆಸರುಳಿದ ತೋಪು, ತೋಪುಳಿದ ಊರು

ಹೈದರಾಬಾದಿನಲ್ಲಿ ಮೂಸಿ ನದಿಯ ದಂಡೆಯ ಮೇಲೆ ದೊಡ್ಡದೊಂದು ಬಸ್ ನಿಲ್ದಾಣವಿದೆ. ಅಧಿಕೃತವಾಗಿ ಅದು ಮಹಾತ್ಮ ಗಾಂಧಿ ಬಸ್ ನಿಲ್ದಾಣ. ಆದರೆ ಊರಿನವರ ಬಾಯಲ್ಲಿ ಅದು ಇಂದಿಗೂ ಇಮ್ಲಿಬನ್. ಇಮ್ಲಿ ಎಂದರೆ ಹುಣಸೆ, ಬನ್ ಎಂದರೆ ವನ. ಹುಣಸೆಯ ತೋಪು ಎಂದರ್ಥ. ಈಗ ಅಲ್ಲಿ ಸಾಲು ಸಾಲು ಬಸ್ಸುಗಳು ನಿಲ್ಲುತ್ತವೆ. ದೂರದ ಫಿಲಿಪ್ಪೀನ್ಸಿನ ರಾಜಧಾನಿ ಮನಿಲಾದಲ್ಲಿ ಸಂಪಾಲೋಕ್ ಎಂಬ ಭಾಗವಿದೆ. ಅಲ್ಲಿನ ತಗಾಲೊಗ್ ಭಾಷೆಯಲ್ಲಿ ಸಂಪಾಲೋಕ್ ಎಂದರೂ ಹುಣಸೆಯೇ. ಒಂದು ಕಾಲಕ್ಕೆ ಹುಣಸೆಗೆ ಹೆಸರಾಗಿದ್ದ ಆ ಜಾಗ ಇಂದು ಕಾಲೇಜುಗಳಿಗೂ ಒತ್ತೊತ್ತಾದ ಬಾಡಿಗೆ ಕೋಣೆಗಳಿಗೂ ಹೆಸರಾಗಿದೆ. ಅಷ್ಟು ದೂರ ಯಾಕೆ, ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ವಿಮಾನ ನಿಲ್ದಾಣದ ಕಡೆ ಹೊರಟರೆ ಹುಣಸಮಾರನಹಳ್ಳಿ ಸಿಗುತ್ತದೆ. ಹುಣಸೆ ಹೆಸರಿನಲ್ಲೇ ಇದೆ. ಮೇಲ್ಸೇತುವೆಯ ಮೇಲೆ ಓಡುವ ಕಾರಿನಿಂದ ಕತ್ತು ಹೊರಳಿಸಿ ನೋಡಿದರೆ ಮಾತ್ರ ಹುಣಸೆ ಕಾಣುವುದಿಲ್ಲ.

ನಲ್ಲೂರಿನ ಕತೆ ಇದಕ್ಕೆ ತಿರುಗಾಮುರುಗಾ. ಊರಿನ ಹೆಸರಿನಲ್ಲಿ ಹುಣಸೆಯ ಸೊಲ್ಲೇ ಇಲ್ಲ. ನಲ್ಲೂರು ಎಂದರೆ ಒಳ್ಳೆಯ ಊರು, ಅಷ್ಟೇ. ಆದರೆ ಊರ ಮಗ್ಗುಲಲ್ಲಿ 54 ಎಕರೆ ಹುಣಸೆ ತೋಪು ಇನ್ನೂ ನಿಂತಿದೆ. ದೇವನಹಳ್ಳಿಯಿಂದ ಸೂಲಿಬೆಲೆ ಕಡೆಗೆ ಹೋಗುವಾಗ ಸಿಗುವ ಈ ತೋಪಿನಲ್ಲಿ ಸುಮಾರು 300 ಮರಗಳಿವೆ. 2007ರ ಜನವರಿಯಲ್ಲಿ ಕರ್ನಾಟಕ ಸರಕಾರ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಈ ಗೌರವ ಪಡೆದ ಜಾಗಗಳಲ್ಲಿ ಇಡೀ ದೇಶಕ್ಕೇ ನಲ್ಲೂರು ಮೊದಲನೆಯದು. ಬೆಂಗಳೂರಿನ ಜಿಕೆವಿಕೆ ಆವರಣ, ಚಿಕ್ಕಮಗಳೂರಿನ ಹೊಗರೇಕಾನು, ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡ, ಇವೆಲ್ಲ ಆಮೇಲೆ ಬಂದವು.

ಕೆಲವು ಕಡೆ ತೋಪು ಹೋಗಿ ಹೆಸರು ಉಳಿಯುತ್ತದೆ. ಕೆಲವು ಕಡೆ ಹೆಸರಿನ ಹಂಗಿಲ್ಲದೆ ತೋಪು ಉಳಿಯುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು? ನಲ್ಲೂರನ್ನು ಬಲ್ಲವರೆಲ್ಲ ಇಂದು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು ಎಂದು ನಮಗೆ ಅನ್ನಿಸುತ್ತದೆ. ಯಾಕೆಂದರೆ ನಲ್ಲೂರಿಗೂ ಈಗ ಒಂದು ದೊಡ್ಡ ಹೆಸರು ಬಂದಿದೆ.

ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗಿದ ದಿನಗಳಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಜೊತೆಗೆ ನಮ್ಮ ಅಮ್ಮೀ ಇದ್ದರು. ಅವರಿಗೆ ಮಂಡಿ ನೋವು, ಮನೆಯಲ್ಲೇ ಇರಿ ಎಂದರೂ ಕೇಳಲಿಲ್ಲ. ಹುಣಸೆ ಎಂದಾಕ್ಷಣ ಅವರ ಕಿವಿ ನೆಟ್ಟಗಾಗುತ್ತದೆ. ಅದಕ್ಕೆ ಕಾರಣ ಮುಂದೆ ಹೇಳುತ್ತೇವೆ.

ತೋಪಿನ ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಕಾಂಡಗಳು. ರಸ್ತೆ ಬದಿಯ ಹುಣಸೆ ಮರ ನೋಡಿ ಬೆಳೆದ ಕಣ್ಣಿಗೆ ಇವು ಬೇರೆಯೇ ಜಾತಿ ಅನ್ನಿಸುತ್ತದೆ. ಒಂದೊಂದು ಕಾಂಡವೂ ಹಸಿ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ. ಕೆಲವುದರ ಒಡಲು ಪೂರ್ತಿ ಟೊಳ್ಳು, ಹುಡುಗರು ಒಳಗೆ ಹೋಗಿ ನಿಲ್ಲಬಹುದು. ಹೊರಗಿನ ತೊಗಟೆಯೊಂದೇ ಮೇಲಿನ ಅಷ್ಟೂ ಹಸಿರನ್ನು ಹೊತ್ತಂತೆ ಕಾಣುತ್ತದೆ. ಇನ್ನು ಕೆಲವು ಯಾವ ಕಾಲದಲ್ಲೋ ಉರುಳಿ ಬಿದ್ದವು. ಬಿದ್ದಲ್ಲೇ ನೆಲಕ್ಕೆ ಮೊಣಕೈ ಊರಿ, ಮಲಗಿದ ಕಾಂಡದಿಂದಲೇ ಹೊಸ ಕಾಂಡ ಎಬ್ಬಿಸಿಕೊಂಡಿವೆ. ಮರ ಸತ್ತದ್ದು ಯಾವಾಗ, ಹುಟ್ಟಿದ್ದು ಯಾವಾಗ ಎಂದು ಗೆರೆ ಎಳೆಯುವುದು ಕಷ್ಟ. ಒಂದು ಕಡೆ ಪಾಳುಬಿದ್ದ ಹಳೆಯ ಕಲ್ಲಿನ ದೇವಸ್ಥಾನ. ಅಲ್ಲಲ್ಲಿ ಲಾಂಟಾನದ ಪೊದೆ. ತಲೆಯ ಮೇಲೆ ಆಗಾಗ ವಿಮಾನ. ಅದರ ಸದ್ದಿಗೆ ಗಿಳಿಗಳೂ ಒಗ್ಗಿಹೋಗಿವೆ.

ಈ ತೋಪು ಚೋಳರ ಕಾಲದ್ದು, ಎಂಟುನೂರು ವರ್ಷ ಹಳೆಯದು ಎಂಬುದು ಜನರ ನಂಬಿಕೆ. ಸರಕಾರದ ವಿವರಣೆಗಳಲ್ಲೂ ಅದೇ ಮಾತು ಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಈ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ. ಚೋಳರು ಗಂಗರ ತಲಕಾಡನ್ನು ಗೆದ್ದು ಈ ಸೀಮೆಗೆ ಒಡೆಯರಾದದ್ದು 1004ರ ಸುಮಾರಿಗೆ. ಹೊಯ್ಸಳ ವಿಷ್ಣುವರ್ಧನ ಅವರನ್ನು ತಲಕಾಡಿನಿಂದ ಹೊರಗಟ್ಟಿದ್ದು 1116ರ ಸುಮಾರಿಗೆ. ಚೋಳರು ನೆಡಿಸಿದ್ದೇ ನಿಜವಾದರೆ ತೋಪಿಗೆ ಒಂಬೈನೂರು ವರ್ಷ ದಾಟಿರಬೇಕು. ಎಂಟುನೂರು ವರ್ಷವೇ ನಿಜವಾದರೆ ನೆಟ್ಟವರು ಹೊಯ್ಸಳರ ಕಾಲದವರಾಗಿರಬೇಕು. ಮರವನ್ನೇ ಕೇಳೋಣ ಎಂದರೆ ಅದೂ ಸುಲಭವಲ್ಲ. ಮರದ ವಯಸ್ಸು ಹೇಳುವವರು ಕಾಂಡದೊಳಗಿನ ಉಂಗುರಗಳನ್ನು ಎಣಿಸುತ್ತಾರೆ. ನಮ್ಮಂಥ ಬಿಸಿ ಸೀಮೆಯ ಮರಗಳಲ್ಲಿ ಆ ಉಂಗುರಗಳು ಅಷ್ಟು ಸ್ಪಷ್ಟವಾಗಿರುವುದಿಲ್ಲ. ಮೇಲಾಗಿ ಒಡಲೇ ಟೊಳ್ಳಾದ ಮರದಲ್ಲಿ ಎಣಿಸುವುದಾದರೂ ಏನನ್ನು?

ಹಾಗೆಂದು ಜನರ ಮಾತನ್ನು ಸುಳ್ಳೆಂದು ತಳ್ಳಿಹಾಕಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ‘ಚೋಳರ ಕಾಲದ್ದು’ ಎಂದರೆ ಇಸವಿಯ ಮಾತಲ್ಲ. ನಮ್ಮ ಅಜ್ಜನ ಅಜ್ಜನೂ ಇದನ್ನು ಹೀಗೇ ಕಂಡಿದ್ದ ಎಂದು ಹೇಳುವ ಬಗೆ ಅದು. ನೆಟ್ಟ ದೊರೆಯ ಹೆಸರು ತಪ್ಪಿದ್ದರೂ ಇರಬಹುದು, ಕಡಿಯದೆ ಉಳಿಸಿದ ರೈತರ ಮಾತು ತಪ್ಪಾಗಲಾರದು. ಮರಗಳೇ ಕಣ್ಣೆದುರು ನಿಂತಿವೆಯಲ್ಲ. ನೆಡಿಸಲು ಒಬ್ಬ ದೊರೆ ಸಾಕು. ಉಳಿಸಲು ಇಪ್ಪತ್ತು ಮೂವತ್ತು ತಲೆಮಾರಿನ ಬಡವರು ಬೇಕು.

ಹುಣಸೆ ಎಲ್ಲಿಯದು ಎಂದು ಕೇಳಿದರೆ ಯಾರಾದರೂ ನಗುತ್ತಾರೆ. ನಮ್ಮದಲ್ಲದೆ ಮತ್ತಾರದು? ಸಾರಿಗೆ, ಹುಳಿಗೆ, ಪುಳಿಯೋಗರೆಗೆ, ದಾಲ್ಚಾಕ್ಕೆ, ಬದನೆಕಾಯಿಯ ಖಟ್ಟಾ ಸಾಲನ್ನಿಗೆ, ಎಲ್ಲಕ್ಕೂ ಅದೇ. ಆದರೆ ಸಸ್ಯವಿಜ್ಞಾನಿಗಳು ಅದರ ತವರು ಆಫ್ರಿಕಾ ಎನ್ನುತ್ತಾರೆ. ಸಾವಿರಾರು ವರ್ಷಗಳ ಹಿಂದೆಯೇ ಅದು ಇತ್ತ ಬಂದು ನೆಲೆ ನಿಂತಿತು. ಅರಬ್ ವ್ಯಾಪಾರಿಗಳು ಅದನ್ನು ಕಂಡದ್ದು ಇಲ್ಲಿ. ಒಣಗಿದ ಕಂದು ತಿರುಳು ಅವರ ಕಣ್ಣಿಗೆ ಖರ್ಜೂರದ ಹಾಗೆ ಕಂಡಿತು. ‘ತಮರ್ ಹಿಂದಿ’, ಹಿಂದೂಸ್ತಾನದ ಖರ್ಜೂರ, ಎಂದು ಕರೆದರು. ಆ ಹೆಸರೇ ಯುರೋಪಿಗೆ ಹೋಗಿ ಟ್ಯಾಮರಿಂಡ್ ಆಯಿತು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಗಿಡಗಳಿಗೆಲ್ಲ ಹೆಸರಿಡಲು ಕೂತಾಗ ಇದಕ್ಕೆ ಟ್ಯಾಮರಿಂಡಸ್ ಇಂಡಿಕಾ ಎಂದು ಬರೆದ. ಭಾರತದ ಭಾರತೀಯ ಖರ್ಜೂರ ಎಂದ ಹಾಗಾಯಿತು, ಹೆಸರಿನಲ್ಲೇ ಎರಡು ಸಲ ಭಾರತ. ಇಂದಿಗೂ ಕೈರೋ, ಡಮಾಸ್ಕಸ್ ಪಟ್ಟಣಗಳಲ್ಲಿ ರಂಜಾನ್ ಸಂಜೆಗಳಲ್ಲಿ ತಮರ್ ಹಿಂದಿ ಶರಬತ್ತು ಕುಡಿಯುತ್ತಾರೆ. ಮನಿಲಾದವರು ಅದನ್ನೇ ಸಂಪಾಲೋಕ್ ಎಂದು ಕರೆದು ಮೀನು ಮಾಂಸದ ಹುಳಿಸಾರಿಗೆ ಹಾಕುತ್ತಾರೆ. ಅವರ ಸಿನಿಗಾಂಗ್ ಎಂಬ ಆ ಸಾರು ನಮ್ಮ ಹುಳಿಗೆ ದೂರದ ನೆಂಟ.

ಇನ್ನೊಂದು ತಮಾಷೆ ಇದೆ. ಹಾವೇರಿ ಜಿಲ್ಲೆಯ ಸವಣೂರು ನವಾಬರ ಊರು. ಅಲ್ಲಿ ಆಫ್ರಿಕಾದ ಬಾವೊಬಾಬ್ ಮರಗಳು ಮೂರಿವೆ, ಒಂದೊಂದೂ ಆನೆಗಳ ಹಿಂಡಿನಷ್ಟು ದಪ್ಪ. 2023ರ ಜುಲೈ ಮಳೆಗೆ ಒಂದು ಉರುಳಿದಾಗ ಜನ ಅದನ್ನು ಸೌದೆ ಮಾಡಲಿಲ್ಲ, ಮತ್ತೆ ಎತ್ತಿ ನೆಟ್ಟರು. ಈ ಮರಕ್ಕೆ ಅಲ್ಲಿನವರು ಇಟ್ಟ ಹೆಸರು ದೊಡ್ಡ ಹುಣಸೆ. ಅದಿರುವ ಮಠಕ್ಕೂ ದೊಡ್ಡಹುಣಸೆ ಮಠವೆಂದೇ ಹೆಸರು. ಉರ್ದುವಿನಲ್ಲೂ ಅದು ಗೋರಖ್ ಇಮ್ಲಿ. ಅಂದರೆ ಆಫ್ರಿಕಾದಿಂದ ಎರಡು ಮರ ಬಂದವು. ಮೊದಲು ಬಂದದ್ದು ಎಷ್ಟು ನಮ್ಮದಾಯಿತು ಎಂದರೆ, ಆಮೇಲೆ ಬಂದದ್ದನ್ನು ಗುರುತಿಸಲು ಅದರ ಹೆಸರನ್ನೇ ಕೊಟ್ಟೆವು. ಮರ ಎಲ್ಲಿಂದ ಬಂತು ಎಂದು ನಮ್ಮ ಹಿರಿಯರು ಕೇಳಲಿಲ್ಲ. ನೆರಳು ಕೊಡುತ್ತದೆಯೇ, ಹುಳಿ ಕೊಡುತ್ತದೆಯೇ ಎಂದು ನೋಡಿದರು.

ಇನ್ನು ನಮ್ಮ ಅಮ್ಮೀಯ ವಿಷಯ. ಅವರ ತವರು ವಿಜಯಪುರ. ಬಿಜಾಪುರವಲ್ಲ, ದೇವನಹಳ್ಳಿ ತಾಲ್ಲೂಕಿನ ರೇಷ್ಮೆಗೂಡಿನ ವಿಜಯಪುರ. ಹುಣಸೆ ಕಾಲ ಬಂದರೆ ಆ ಕೇರಿಯ ಮನೆ ಮನೆಯಲ್ಲೂ ಟಕ ಟಕ ಸದ್ದು. ವ್ಯಾಪಾರಿಗಳು ಹೂವು ಬಿಡುವ ಹೊತ್ತಿಗೇ ರೈತರಿಂದ ಮರಗಳನ್ನು ಚೇಣಿಗೆ ಹಿಡಿಯುತ್ತಿದ್ದರು. ಕಾಯಿ ಮಾಗಿದ ಮೇಲೆ ಆಳುಗಳು ಗಳ ಹಿಡಿದು ಮರ ಹತ್ತಿ ಬಡಿದು ಉದುರಿಸುತ್ತಿದ್ದರು. ಗೋಣಿಚೀಲಗಳು ಗಾಡಿಯಲ್ಲಿ ಕೇರಿಗೆ ಬರುತ್ತಿದ್ದವು. ಅಲ್ಲಿಂದ ಮುಂದಿನದೆಲ್ಲ ಹೆಂಗಸರ ಕೆಲಸ. ಕಲ್ಲಿನ ಮೇಲಿಟ್ಟು ಸಣ್ಣ ಕೊಡತಿಯಿಂದ ಸಿಪ್ಪೆ ಒಡೆಯಬೇಕು. ನಾರು ಎಳೆಯಬೇಕು. ಬೀಜ ಬಿಡಿಸಬೇಕು. ತೂಕಕ್ಕೆ ಇಷ್ಟು ಎಂದು ಕೂಲಿ. ಸಿಪ್ಪೆ ಒಲೆಗೆ. ಬೀಜ ಬೇರೆ ಚೀಲಕ್ಕೆ, ಅದಕ್ಕೆ ಬೇರೆ ವ್ಯಾಪಾರಿ. ತಿರುಳಿಗೆ ಉಪ್ಪು ಬೆರೆಸಿ ಅದುಮಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ, ಕಪ್ಪಾದಷ್ಟೂ ರುಚಿ.

ಹುಳಿಗೆ ಬೆರಳ ಸಂದಿ ಬಿರಿದು, ಮಾರನೆಯ ದಿನ ಉಪ್ಪು ಖಾರ ಮುಟ್ಟಿದರೆ ಜೀವ ಹೋದಂತೆ ಉರಿಯುತ್ತಿತ್ತಂತೆ. ಆದರೂ ಅಮ್ಮೀ ಆ ದಿನಗಳನ್ನು ಬೈಯುವುದಿಲ್ಲ. ನಾವು ಅಣ್ಣ ತಮ್ಮಂದಿರು ಉರ್ದು ಶಾಲೆಗೂ ಆಮೇಲೆ ಕನ್ನಡ ಹೈಸ್ಕೂಲಿಗೂ ಹೋದ ಪುಸ್ತಕದ ದುಡ್ಡು ಆ ಸಿಪ್ಪೆಯಿಂದಲೇ ಬಂದದ್ದು. ಗಂಡಸರ ದುಡಿಮೆ ಅಕ್ಕಿ ಬೇಳೆಗೆ ಮುಗಿದುಹೋಗುತ್ತಿತ್ತು. ಹಬ್ಬದ ಬಟ್ಟೆ, ಸ್ಲೇಟು, ಮದುವೆಗೆಂದು ಕೂಡಿಟ್ಟ ಒಂದೆರಡು ಪಾತ್ರೆ, ಇವೆಲ್ಲ ಹೆಂಗಸರ ಹುಣಸೆ ಗಂಟು. ಈ ಗಂಟು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ನಲ್ಲೂರಿನ ತೋಪಿನಲ್ಲಿ ಅಮ್ಮೀ ಮೊದಲು ಮಾಡಿದ ಕೆಲಸ ಬಿದ್ದ ಕಾಯಿಗಳನ್ನು ಒಂದೊಂದೇ ಆಯ್ದು ಒಡೆದು ನೋಡಿದ್ದು. ಮೇಕೆ ಮೇಯಿಸುತ್ತಿದ್ದ ಮುದುಕರೊಬ್ಬರು ಇದನ್ನು ನೋಡುತ್ತ ಹತ್ತಿರ ಬಂದರು.

“ಏನ್ ಬೂಬಮ್ಮ, ವ್ಯಾಪಾರಕ್ಕೆ ಬಂದ್ರಾ?”

“ಇಲ್ಲಣ್ಣಾ, ಹಂಗೇ ನೋಡಾಕೆ. ಈ ಮರದ್ದು ನಾರು ಜಾಸ್ತಿ, ಆದ್ರೆ ತಿರುಳು ಕೆಂಪಗದೆ. ಆ ಮರದ್ದು ನೋಡಿ, ಬೀಜನೇ ಕಮ್ಮಿ.”

“ಸರಿಯಾಗೇ ಕಂಡುಹಿಡಿದ್ರಿ. ಒಂದ್ ಮರದ ಹಂಗೆ ಇನ್ನೊಂದಿಲ್ಲ. ಅಕಾ, ಆ ಮೂಲೆದು ಸಿಹಿ. ಹುಡುಗ್ರು ಅದನ್ನ ಬಿಟ್ರೆ ಬೇರೆ ಮುಟ್ಟಲ್ಲ.”

ಅಮ್ಮೀಗೆ ಒಳ್ಳೆಯ ಮಾತುಗಾರರೇ ಸಿಕ್ಕಿದರು. ಇಬ್ಬರೂ ಒಂದು ಬೊಡ್ಡೆಯ ಮೇಲೆ ಕೂತು ಅರ್ಧ ಗಂಟೆ ಹುಣಸೆಯನ್ನೇ ಮಾತಾಡಿದರು. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆವು. ಅವರು ಆಡಿದ್ದು ಸಸ್ಯವಿಜ್ಞಾನಿಗಳ ಮಾತೇ. ಬೀಜದಿಂದ ಹುಟ್ಟಿದ ಹುಣಸೆ ತಾಯಿಯ ಹಾಗೇ ಇರಬೇಕೆಂದಿಲ್ಲ. ಒಂದು ಹುಳಿ, ಒಂದು ಸಿಹಿ, ಒಂದು ಉದ್ದ, ಒಂದು ಗಿಡ್ಡ. ಮುನ್ನೂರು ಹಳೆಯ ಮರ ಎಂದರೆ ಮುನ್ನೂರು ಬಗೆ. ಮುಂದೆ ಯಾವ ಬರಕ್ಕೆ, ಯಾವ ರೋಗಕ್ಕೆ ಯಾವ ಮರದ ಗುಣ ಬೇಕಾಗುತ್ತದೋ ಹೇಳಲಾಗದು. ಜೀವವೈವಿಧ್ಯ ಎಂಬ ದೊಡ್ಡ ಪದದ ಅರ್ಥ ಇಷ್ಟೇ. ಕಾಯಿ ಒಡೆದು ಒಡೆದು ಬೆರಳು ಬಿರಿದವರಿಗೂ, ದಿನಾ ಅದರ ಕೆಳಗೆ ಮೇಕೆ ಕಾಯುವವರಿಗೂ ಇದು ಗೊತ್ತಿರುತ್ತದೆ.

ಹುಣಸೆಯ ಹಣ್ಣೊಂದೇ ಅಲ್ಲ. ಎಳೆಯ ಚಿಗುರಿನಿಂದ ಹುಳಿ ಮಾಡುತ್ತಾರೆ. ಹಸಿ ಕಾಯಿಗೆ ಉಪ್ಪು ಮೆಣಸಿನಕಾಯಿ ಹಾಕಿ ಕುಟ್ಟಿದರೆ ತೊಕ್ಕು. ಬೆಲ್ಲ ಜೀರಿಗೆ ಸೇರಿಸಿ ಕಡ್ಡಿಗೆ ಮೆತ್ತಿದರೆ ಮಕ್ಕಳ ಚಿಗಳಿ. ಬೀಜವನ್ನು ಹುರಿದು ತಿನ್ನುವುದುಂಟು, ಅರ್ಧಕ್ಕೆ ಉಜ್ಜಿ ಚೌಕಾಬಾರಕ್ಕೆ ದಾಳ ಮಾಡುವುದುಂಟು. ಕುರುಬರು ಕಂಬಳಿಗೆ ಹಾಕುವ ಗಂಜಿ ಹುಣಸೆ ಬೀಜದ್ದು. ಮಗ್ಗದ ನೂಲಿಗೂ ಬೀಜದ ಪುಡಿಯ ಗಂಜಿ ಬಳಕೆಯಲ್ಲಿದೆ. ಹಿತ್ತಾಳೆ ತಾಮ್ರ ಬೆಳಗಲು ಹುಣಸೆಯೇ. ಮರ ಗಟ್ಟಿ, ಗಾಣಕ್ಕೆ, ಒನಕೆಗೆ ಅದನ್ನೇ ಬಳಸುತ್ತಿದ್ದರು. ಬಕ್ರೀದ್ ಹತ್ತಿರ ಬಂದಾಗ ಬೆಂಗಳೂರಿನ ರಸ್ತೆ ಬದಿಯಲ್ಲಿ ಮಾಂಸ ಕಡಿಯುವ ಕೊರಡುಗಳನ್ನು ಮಾರುತ್ತಾರಲ್ಲ, ಅದೂ ಹುಣಸೆಯದೇ. ಕತ್ತಿಯ ಏಟಿಗೆ ಚೂರು ಏಳುವುದಿಲ್ಲ ಎಂದು ಕಸಾಯಿಗಳು ಅದನ್ನೇ ಕೇಳಿ ಕೊಳ್ಳುತ್ತಾರೆ. ಯಾವ ಜಾತಿ, ಯಾವ ಧರ್ಮದ ಅಡುಗೆಮನೆಯೂ ಹುಣಸೆಯನ್ನು ಹೊರಗಿಟ್ಟಿಲ್ಲ.

ಆಪತ್ತಿಗೂ ಅದು ಆಗಿಬಂದ ಉದಾಹರಣೆ ಇದೆ. 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಅಂದು ಅಫ್ಜಲ್‌ಗಂಜಿನ ಒಂದು ಹುಣಸೆ ಮರ ಹತ್ತಿದ ಸುಮಾರು 150 ಜನ ಬದುಕಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರ ಉಳಿದಿದೆ. ಪ್ರತಿ ವರ್ಷ ಅದೇ ದಿನ ಜನ ಅದರ ಕೆಳಗೆ ಸೇರಿ ಸತ್ತವರನ್ನು ನೆನೆಯುತ್ತಾರೆ. ಅಲ್ಲಿಂದ ಕೂಗಳತೆಯಲ್ಲಿರುವ ಇಮ್ಲಿಬನ್ನಿನಲ್ಲಿ ಹೆಸರಷ್ಟೇ ಉಳಿಯಿತು. ಇಲ್ಲಿ ಮರವೇ ಉಳಿಯಿತು. ಅದಕ್ಕೆ ಕಾರಣ, ಈ ಮರದ ಜೊತೆ ಜನರಿಗೆ ಒಂದು ಸಂಬಂಧವಿತ್ತು, ನಮ್ಮವರನ್ನು ಉಳಿಸಿದ ಮರ ಎಂಬ ಋಣವಿತ್ತು.

ಈಗ ನಲ್ಲೂರಿನ ಹೊಸ ಹೆಸರಿನ ಮಾತಿಗೆ ಬರೋಣ. 2002ರಲ್ಲಿ ದೇಶಕ್ಕೆ ಜೀವವೈವಿಧ್ಯ ಕಾಯಿದೆ ಬಂತು. ಅದರ 37ನೆಯ ಕಲಮಿನ ಪ್ರಕಾರ ರಾಜ್ಯ ಸರಕಾರ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಇಂಥ ತಾಣಗಳನ್ನು ಘೋಷಿಸಬಹುದು. ಘೋಷಣೆಯಿಂದ ಯಾರ ಹೊಟ್ಟೆಪಾಡಿಗಾದರೂ ಪೆಟ್ಟು ಬಿದ್ದರೆ ಅವರಿಗೆ ಪರಿಹಾರ, ಪುನರ್ವಸತಿಯ ಯೋಜನೆ ಮಾಡಬೇಕೆಂದೂ ಅದೇ ಕಲಮು ಹೇಳುತ್ತದೆ. 41ನೆಯ ಕಲಮು ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಊರಿನ ಗಿಡ, ಮರ, ಪ್ರಾಣಿ ಮತ್ತು ಅವುಗಳ ಬಗ್ಗೆ ಜನಕ್ಕಿರುವ ತಿಳಿವಳಿಕೆಯನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆಯ ಕೆಲಸ ಆ ಸಮಿತಿಯದು. ಕಾಯಿದೆ ಓದಿದರೆ ಒಳ್ಳೆಯದಾಗಿಯೇ ಇದೆ. ಮರ ಬೇರೆ, ಮರದ ಸುತ್ತಲಿನ ಜನ ಬೇರೆ ಎಂದು ಅದು ಎಲ್ಲೂ ಹೇಳುವುದಿಲ್ಲ.

ಆದರೆ ತೋಪಿಗೆ ಈ ಗೌರವ ಬಂದು ಒಂದೂವರೆ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾಯಿತು. ಟಿಪ್ಪು ಹುಟ್ಟಿದ ಊರು, ಕಲ್ಲು ಕೋಟೆಯ ಊರು, ಚಕ್ಕೋತ ಹಣ್ಣಿನ ಊರು ಎಂದು ಹೆಸರಾಗಿದ್ದ ದೇವನಹಳ್ಳಿ ವಿಮಾನದ ಊರಾಯಿತು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳ ಬದುವಿನಲ್ಲಿ ಲೇಔಟಿನ ಕಲ್ಲುಗಳು ಎದ್ದವು. ರಸ್ತೆ ಅಗಲವಾದ ಕಡೆಯೆಲ್ಲ ಸಾಲುಮರಗಳು ಹೋದವು. ಅದರಲ್ಲಿ ಹುಣಸೆ ಎಷ್ಟಿದ್ದವೋ ಎಣಿಸಿದವರಿಲ್ಲ. ಅವಕ್ಕೆ ಪಾರಂಪರಿಕ ಎಂಬ ಹೆಸರಿರಲಿಲ್ಲವಲ್ಲ.

2022ರಲ್ಲಿ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಸ್ವಾಧೀನ ಮಾಡಿಕೊಳ್ಳುವ ಅಧಿಸೂಚನೆ ಹೊರಟಿತು. ಆ ಹಳ್ಳಿಗಳ ಪಟ್ಟಿಯಲ್ಲಿ ನಲ್ಲೂರೂ ಇತ್ತು. ರೈತರು ಚನ್ನರಾಯಪಟ್ಟಣದಲ್ಲಿ ಧರಣಿ ಕೂತರು. ಮಳೆ, ಚಳಿ, ಚುನಾವಣೆ, ಸರಕಾರದ ಬದಲಾವಣೆ, ಎಲ್ಲ ಬಂದುಹೋದರೂ ಅವರು ಏಳಲಿಲ್ಲ. ಮೂರು ವರ್ಷ ದಾಟಿದ ಆ ಹೋರಾಟಕ್ಕೆ 2025ರ ಜುಲೈ 15ರಂದು ಫಲ ಸಿಕ್ಕಿತು. ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪ್ರಕಟಿಸಿದರು. ತಾವಾಗಿ ಜಮೀನು ಕೊಡಲು ಮುಂದೆ ಬರುವವರಿಂದ ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ಅದೇ ತಿಂಗಳ ಮೊದಲ ವಾರ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂಬ ಹೆಸರಿಡಲು ತೀರ್ಮಾನಿಸಿತ್ತು. ಹೆಸರಿನಿಂದ ‘ಗ್ರಾಮ’ ಹೊರಬಿದ್ದ ಹದಿನೈದು ದಿನದೊಳಗೆ ಗ್ರಾಮದವರು ತಮ್ಮ ನೆಲ ಉಳಿಸಿಕೊಂಡರು. ಹೆಸರಿಗೂ ನೆಲಕ್ಕೂ ಇರುವ ದೂರ ಇಷ್ಟು.

ತೋಪಿನ 54 ಎಕರೆಗೆ ಅಧಿಸೂಚನೆಯ ರಕ್ಷಣೆ ಇದೆ, ಸುತ್ತಲಿನ ಜಮೀನು ಏನಾದರೇನು ಎಂದು ಕೇಳುವವರಿದ್ದಾರೆ. ನಾವೂ ಈ ಮಾತನ್ನು ತಾತನ ಮುಂದೆ ಇಟ್ಟೆವು. ಅವರು ಸ್ವಲ್ಪ ಹೊತ್ತು ಮೇಕೆಗಳ ಕಡೆ ನೋಡುತ್ತಿದ್ದರು.

“ಸಾಬ್ರೇ, ಸುತ್ತ ಫ್ಯಾಕ್ಟ್ರಿ ಆದ್ಮೇಲೆ ಇಲ್ಲಿ ಯಾರ್ ಬರ್ತಾರೆ? ಕಾಪೌಂಡ್ ಹಾಕಿ ವಾಚ್‌ಮನ್ ಕೂರಿಸ್ತಾರೆ. ಬಿರುಗಾಳಿಗೆ ಮರ ಬಿದ್ರೆ ಅವನಿಗೆ ಯಾವ ಮರ ಅಂತ ಗೊತ್ತಾ? ಸಿಹಿ ಮರ ಯಾವ್ದು ಅಂತ ಅವನಿಗೆ ಯಾರ್ ಹೇಳ್ಬೇಕು?”

ನಾವು ಇಟ್ಟುಕೊಂಡಿದ್ದ ಪ್ರಶ್ನೆಗೆ ಉತ್ತರ ಈ ಮಾತಿನಲ್ಲಿದೆ. ಇಮ್ಲಿಬನ್ನಿನ, ಸಂಪಾಲೋಕ್‌ನ ತೋಪುಗಳನ್ನು ಒಂದೇ ದಿನ ಯಾರೂ ಕಡಿದುಹಾಕಿರಲಾರರು. ಮೊದಲು ಸುತ್ತಲಿನ ನೆಲ ಕೈ ಬದಲಾಯಿಸಿರಬೇಕು. ಆ ನೆಲದ ಮೇಲೆ ಬದುಕುತ್ತಿದ್ದವರು ಬೇರೆ ಕಡೆ ಹೋಗಿರಬೇಕು. ಚೇಣಿ ಹಿಡಿಯುವವರು, ಬಡಿಯುವವರು, ಒಡೆಯುವವರು ಇಲ್ಲದಾಗಿ ಮರ ಬರೀ ಮರವಾಗಿರಬೇಕು. ಹಾಗೆ ಬರೀ ಮರವಾದದ್ದನ್ನು ಕಡಿಯಲು ಒಂದು ಅರ್ಜಿ ಸಾಕು. ನಲ್ಲೂರಿನಲ್ಲಿ ಈ ಸರಪಳಿ ಇನ್ನೂ ಕಳಚಿಲ್ಲ. ತೋಪಿನ ಮಗ್ಗುಲಲ್ಲಿ ಹೊಲವಿದೆ, ಹೊಲದಲ್ಲಿ ರೈತನಿದ್ದಾನೆ, ಅವನ ಮೇಕೆಗಳು ತೋಪಿಗೆ ಬರುತ್ತವೆ, ಅವನ ಮೊಮ್ಮಕ್ಕಳಿಗೆ ಸಿಹಿ ಮರ ಯಾವುದೆಂದು ಗೊತ್ತಿದೆ. ಆ ಹದಿಮೂರು ಹಳ್ಳಿಗಳವರು ಧರಣಿ ಕೂತು ಉಳಿಸಿದ್ದು ತಮ್ಮ ಜಮೀನನ್ನು. ಆದರೆ ತೋಪನ್ನು ಉಳಿಸಿದವರೂ ಅವರೇ. ಈ ಮಾತು ತೋಪಿನ ಯಾವ ಫಲಕದಲ್ಲೂ ಬರೆದಿಲ್ಲ.

ಅಪಾಯ ಪೂರ್ತಿ ಕಳೆದಿಲ್ಲ ಎಂಬುದನ್ನೂ ಹೇಳಬೇಕು. ಸ್ವಾಧೀನ ನಿಂತರೂ ಬೆಲೆ ನಿಲ್ಲುವುದಿಲ್ಲ. ವಿಮಾನ ನಿಲ್ದಾಣದ ಹತ್ತಿರದ ಒಂದು ಎಕರೆಗೆ ಸಿಗುವ ದುಡ್ಡು ರಾಗಿಯಿಂದ ಎರಡು ಜನ್ಮದಲ್ಲೂ ಬರುವುದಿಲ್ಲ. ಸಾಲವಿರುವವನು, ಮಗಳ ಮದುವೆಯಿರುವವನು ಮಾರಿದರೆ ಅವನನ್ನು ಬೈಯುವ ಹಕ್ಕು ಪಟ್ಟಣದಲ್ಲಿ ಕೂತ ನಮಗಿಲ್ಲ. ಹುಣಸೆ ಒಡೆಯುವ ಕೂಲಿಯೂ ಹೆಂಗಸರಿಗೆ ಮೊದಲಿನಷ್ಟು ಆಸರೆಯಲ್ಲ. ವಿಜಯಪುರದ ಆ ಕೇರಿಯಲ್ಲಿ ಈಗ ಟಕ ಟಕ ಸದ್ದು ಅಪರೂಪ. ಹೆಣ್ಣುಮಕ್ಕಳು ಬೆಳಿಗ್ಗೆ ವ್ಯಾನು ಹತ್ತಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಾರೆ. ಬಿರಿದ ಬೆರಳಿಗಿಂತ ಅದೇ ಮೇಲು ಎನ್ನುತ್ತಾರೆ, ಮೇಲೇ ಇರಬಹುದು. ಹಿಂದಿನ ಬಡತನವನ್ನು ಪರಂಪರೆಯೆಂದು ಉಳಿಸಿರಿ ಎಂದು ನಾವು ಯಾರಿಗೂ ಹೇಳಲಾರೆವು.

ಹಾಗಿದ್ದರೆ ಮಾಡಬಹುದಾದದ್ದು ಏನು? ಬೀಜದಿಂದ ಬೆಳೆದ ಹುಣಸೆ ಫಲಕ್ಕೆ ಬರಲು ಏಳೆಂಟು ವರ್ಷ ಬೇಕು, ಒಮ್ಮೊಮ್ಮೆ ಇನ್ನೂ ಹೆಚ್ಚು. ನೆಟ್ಟವನಿಗಿಂತ ಅವನ ಮೊಮ್ಮಕ್ಕಳಿಗೆ ಅದರ ಲಾಭ. ‘ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ’ ಎಂಬ ಗಾದೆಯನ್ನು ನಾವು ನಗುತ್ತ ಮುದುಕರಿಗೆ ಅನ್ವಯಿಸುತ್ತೇವೆ. ಆದರೆ ಮುಪ್ಪಾದ ಮರದ ಪಕ್ಕದಲ್ಲಿ ಎಳೆಯ ಸಸಿ ಇಲ್ಲದಿದ್ದರೆ ಆ ಹುಳಿಗೂ ಒಂದು ದಿನ ಕೊನೆ ಬರುತ್ತದೆ. ತೋಪಿನ ಒಂದೊಂದು ಮರದಿಂದಲೂ ಬೀಜ ಆಯ್ದು, ಕಸಿ ಕಡ್ಡಿ ತೆಗೆದು, ಅಲ್ಲೇ ಖಾಲಿ ಬಿದ್ದ ಜಾಗದಲ್ಲಿ ಅದರ ಸಂತಾನ ಬೆಳೆಸಬೇಕು. ಆ ಸಸಿಗಳು ಸುತ್ತಲಿನ ಬದುಗಳಿಗೂ ಶಾಲೆಗಳ ಅಂಗಳಕ್ಕೂ ಹೋಗಬೇಕು. ಸಿಹಿ ಮರದ ಸಸಿಗೆ, ಕೆಂಪು ತಿರುಳಿನ ಸಸಿಗೆ ಬೇಡಿಕೆ ಬಂದರೆ ರೈತನಿಗೂ ನಾಲ್ಕು ಕಾಸು.

ಎರಡನೆಯದು ಇನ್ನೂ ಅವಸರದ್ದು. ಪಂಚಾಯಿತಿಯ ಜೀವವೈವಿಧ್ಯ ದಾಖಲೆಯಲ್ಲಿ ಮರಗಳ ಸಂಖ್ಯೆ ಬರೆದರೆ ಸಾಲದು. ಯಾವ ಮರದ ಕಾಯಿ ಹೇಗೆ, ಯಾವುದಕ್ಕೆ ಒಳ್ಳೆಯದು, ಯಾವುದು ಯಾವ ಮಳೆಗೆ ಬಿತ್ತು, ಬಿದ್ದ ಮೇಲೆ ಹೇಗೆ ಎದ್ದಿತು, ಇದನ್ನೆಲ್ಲ ಬಲ್ಲವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ಬಲ್ಲವರು ಯಾರೆಂದರೆ ಮೇಕೆ ಕಾಯುವ ತಾತಂದಿರು, ಹುಣಸೆ ಒಡೆದ ಹೆಂಗಸರು. ಅವರಿಗೆ ಈಗಾಗಲೇ ಎಪ್ಪತ್ತು ದಾಟಿದೆ. ಅವರು ಹೋದ ಮೇಲೆ ದಾಖಲೆ ಬರೆಯಲು ಕೂತರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಶಾಲೆಯ ಮೇಷ್ಟ್ರುಗಳು ಮಕ್ಕಳನ್ನು ಪ್ರವಾಸಕ್ಕೆಂದು ಬೆಂಗಳೂರಿನ ಮಾಲ್‌ಗಳಿಗೆ ಕರೆದೊಯ್ಯುವ ಕಾಲ ಇದು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ ಕಡೆಯ ಉರ್ದು ಶಾಲೆ, ಕನ್ನಡ ಶಾಲೆ ಎರಡರವರೂ ಒಂದು ದಿನ ಮಕ್ಕಳನ್ನು ನಲ್ಲೂರಿಗೆ ಕರೆತರಲಿ. ಬರುವಾಗ ಊರಿನ ಒಬ್ಬ ಹಿರಿಯರನ್ನೂ ಜೊತೆಗೆ ಕರೆದುಕೊಳ್ಳಲಿ. ಫಲಕದ ಮೇಲಿನ ಇಸವಿಯನ್ನು ಮಕ್ಕಳು ತಾವೇ ಓದಿಕೊಳ್ಳುತ್ತಾರೆ. ಸಿಹಿ ಮರ ಯಾವುದೆಂದು ಮಾತ್ರ ಅವರಿಗೆ ಯಾರಾದರೂ ತೋರಿಸಿಕೊಡಬೇಕು.